ಎಲ್ಲಿ ನೋಡಿದ್ದೆ ಅನ್ನೋದೇ ನೆನಪಿಲ್ಲ ಮೇಡಂ

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ ಒಬ್ಬರ ಕಥೆ ಇದು. ಹೆಸರು, ಊರು, ಗುರುತು ಹತ್ತೋ ವಿವರ ಎಲ್ಲಾ ಬದಲಾಯಿಸಿದೀನಿ, ಬರೆಯೋಕೆ ಅವರ ಒಪ್ಪಿಗೆನೂ ಇದೆ. ಮೂವತ್ತರ ಆಸುಪಾಸಿನ ಗ್ರಾಫಿಕ್ ಡಿಸೈನರ್, ಒಂದು ಸಣ್ಣ ಸ್ಟುಡಿಯೋದಲ್ಲಿ ಕೆಲಸ. ಇಲ್ಲಿ 'ರ' ಅಂತಿರಲಿ.

ಬಂದಿದ್ದು ನಿದ್ದೆ ಬರ್ತಿಲ್ಲ ಅಂತ. ಕಂಪ್ಯೂಟರ್ ಮುಂದೆ ಕೂತ್ರೆ ಕೈ ಓಡಲ್ಲ, ಖಾಲಿ ಫೈಲ್ ತೆಗೆದು ಹಾಗೇ ಮುಚ್ತಾರೆ. ಕೇಳ್ತಾ ಕೇಳ್ತಾ ವಿಷಯ ಹೊರಗೆ ಬಂತು. ಇವರು ಮಾಡಿದ ಒಂದು ಲೋಗೋನ ಯಾರೋ ಬೇರೆ ದೇಶದ ಡಿಸೈನರ್ ಒಬ್ಬರ ಹಳೇ ಲೋಗೋ ಪಕ್ಕದಲ್ಲಿಟ್ಟು ಪೋಸ್ಟ್ ಮಾಡಿದಾರೆ, ಗೊತ್ತಿರೋರು ಗೊತ್ತಿಲ್ದೋರು ಎಲ್ಲಾ ಬಂದು ಕಳ್ಳ ಅಂತ ಬರೆದು ಹೋಗಿದಾರೆ, ಆಫೀಸಲ್ಲಿ ಬಾಸ್ ಬೈದಿಲ್ಲ ಆದ್ರೆ ಅವತ್ತಿಂದ ಸರಿಯಾಗಿ ಮಾತೂ ಆಡ್ತಿಲ್ಲ.

ರ ಅವರ ಮಾತಲ್ಲಿ ಎರಡು ವಾಕ್ಯ ಮತ್ತೆ ಮತ್ತೆ ಬರ್ತಿತ್ತು. ಒಂದು, "ಎಲ್ರೂ ಎಲ್ಲಿಂದಾನೋ ಎತ್ಕೊಂಡೇ ಮಾಡೋದು ಅಲ್ವಾ ಮೇಡಂ". ಇನ್ನೊಂದು, "ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಕದ್ದಿದ್ದೇ ಇರ್ಬೇಕು". ಮೇಲ್ನೋಟಕ್ಕೆ ಒಂದಕ್ಕೊಂದು ಉಲ್ಟಾ, ಆದ್ರೆ ನನ್ನ ಪ್ರಕಾರ ಎರಡೂ ಮಾಡ್ತಿದ್ದ ಕೆಲಸ ಒಂದೇ: ಆ ಒಂದು ಲೋಗೋನ ಕೂತ್ಕೊಂಡು ಸರಿಯಾಗಿ ನೋಡೋದನ್ನ ತಪ್ಪಿಸೋದು. ಎಲ್ರೂ ಕಳ್ಳರು ಅಂದ್ರೂ ನಾನೊಬ್ಬನೇ ಮಹಾ ಕಳ್ಳ ಅಂದ್ರೂ ನೋಡೋದೇನೂ ಉಳಿಯಲ್ಲ.

ಹಾಗಾಗಿ ಎರಡೂ ಲೋಗೋ ಪ್ರಿಂಟ್ ತಗೊಂಡು ಬನ್ನಿ ಅಂದೆ. ನನಗೆ ಡಿಸೈನ್ ಗೊತ್ತಿಲ್ಲ, ಅದೇ ಒಳ್ಳೇದಾಯ್ತು, ದಡ್ಡ ಪ್ರಶ್ನೆ ಕೇಳಬಹುದಲ್ಲ. ಒಂದೊಂದೇ ಭಾಗ ತೋರಿಸಿ ಇದನ್ನ ಯಾಕೆ ಹೀಗೆ ಮಾಡಿದ್ರಿ ಅಂತ ಕೇಳ್ತಾ ಹೋದೆ. ವೃತ್ತ ಯಾಕೆ, ಒಂದೇ ಬಣ್ಣ ಯಾಕೆ, ದಪ್ಪ ಅಕ್ಷರ ಯಾಕೆ. ಎಲ್ಲದಕ್ಕೂ ಉತ್ತರ ಇತ್ತು, ಲೋಗೋ ಮಾಡಿಸಿದ ಕಂಪನಿ ಕೆಲಸ ಏನು, ಸಣ್ಣ ಸೈಜಲ್ಲಿ ಹೇಗೆ ಕಾಣ್ಬೇಕು, ಒಂದೇ ಇಂಕಲ್ಲಿ ಪ್ರಿಂಟ್ ಆಗ್ಬೇಕು, ಹೀಗೆ. ಆಮೇಲೆ ಅಕ್ಷರದ ಒಂದು ಮೂಲೆನ ಓರೆಯಾಗಿ ಕತ್ತರಿಸಿ ಮಧ್ಯದ ಖಾಲಿ ಜಾಗದಲ್ಲಿ ಹಕ್ಕಿ ಕಾಣೋ ಹಾಗೆ ಮಾಡಿದ್ರಲ್ಲ, ಅದನ್ನ ತೋರಿಸಿದೆ. ಸುಮಾರು ಹೊತ್ತು ಸುಮ್ಮನಿದ್ರು. "ಚೆನ್ನಾಗಿ ಕಾಣ್ತು ಮೇಡಂ, ಎಲ್ಲಿ ನೋಡಿದ್ದೆ ಅನ್ನೋದೇ ನೆನಪಿಲ್ಲ" ಅಂದ್ರು. ಕತ್ತರಿಸಿದ ಕೋನಾನೂ ಹೆಚ್ಚುಕಮ್ಮಿ ಆ ಹಳೇ ಲೋಗೋದ್ದೇ.

ಆಮೇಲೆ ಮನೆಗೆ ಹೋಗಿ ಬೇರೆಯವರ ಡಿಸೈನ್ ಸೇವ್ ಮಾಡಿಡೋ ತಮ್ಮ ರೆಫರೆನ್ಸ್ ಫೋಲ್ಡರ್ ಹುಡುಕಿದಾರೆ. ಆ ಲೋಗೋ ಅಲ್ಲೇ ಇತ್ತು, ಬಹಳ ಹಿಂದೆ ಇವರೇ ಸೇವ್ ಮಾಡಿದ್ದು.

ಇದು ಸುಳ್ಳು ಹೇಳೋ ಜನಕ್ಕೆ ಮಾತ್ರ ಆಗೋದಲ್ಲ. ನೆನಪು ವಿಷಯಾನ ಇಟ್ಕೊಳ್ಳುತ್ತೆ, ಅದು ಎಲ್ಲಿಂದ ಬಂತು ಅನ್ನೋದನ್ನ ಬಿಟ್ಟುಬಿಡುತ್ತೆ, ಮನಶ್ಶಾಸ್ತ್ರದಲ್ಲಿ ಇದಕ್ಕೆ ಕ್ರಿಪ್ಟೋಮ್ನೀಸಿಯಾ ಅಂತಾರೆ. 1989ರಲ್ಲಿ ಬ್ರೌನ್ ಮತ್ತು ಮರ್ಫಿ ಅನ್ನೋರು ಜನರನ್ನ ಗುಂಪಲ್ಲಿ ಕೂರಿಸಿ ಕೊಟ್ಟ ಒಂದು ವರ್ಗಕ್ಕೆ ಸೇರಿದ ಒಂದೊಂದು ಹೆಸರನ್ನ ಸರದಿ ಪ್ರಕಾರ ಹೇಳಿಸಿದ್ರು, ಆಮೇಲೆ ನೀವು ಹೇಳಿದ್ದನ್ನ ಮಾತ್ರ ಹೇಳಿ ಅಂದ್ರೆ ಪಕ್ಕದವರು ಹೇಳಿದ್ದನ್ನೂ ತಮ್ಮದೇ ಅಂತ ಕೆಲವರು ಹೇಳಿದ್ರು. ನನಗೆ ಇನ್ನೂ ಇಷ್ಟ ಆಗಿದ್ದು 1991ರ ಜ್ಯಾನ್ಸನ್, ಸ್ಮಿತ್ ಅವರ ಪ್ರಯೋಗ. ಚೆಲ್ಲದೇ ಇರೋ ಕಾಫಿ ಕಪ್ ಡಿಸೈನ್ ಮಾಡಿ ಆದ್ರೆ ಸ್ಟ್ರಾ ಹಾಕೋ ಹಾಗಿಲ್ಲ ಅಂತ ಸ್ಪಷ್ಟವಾಗಿ ಹೇಳಿ, ಕೆಲವರಿಗೆ ಮಾತ್ರ ಸ್ಟ್ರಾ ಇರೋ ಒಂದು ಮಾದರಿ ಚಿತ್ರ ತೋರಿಸಿದ್ರು. ಚಿತ್ರ ನೋಡಿದವರು ಬೇಡ ಅಂದಿದ್ದ ಸ್ಟ್ರಾನೇ ಹೆಚ್ಚು ಬರೆದ್ರು! ಕಣ್ಣಿಗೆ ಬಿದ್ದಿದ್ದು ಅಷ್ಟು ಗಟ್ಟಿಯಾಗಿ ಅಂಟ್ಕೊಳ್ಳುತ್ತೆ.

ಇದನ್ನ ಕೇಳಿದ್ದೇ ಅವರ ಮುಖ ಅರಳಿತು, ಹಾಗಾದ್ರೆ ನನ್ನ ತಪ್ಪಿಲ್ಲ ಅಲ್ವಾ ಅಂದ್ರು. ಅಲ್ಲ, ಅಷ್ಟು ಸುಲಭಕ್ಕೆ ಬಿಡೋ ಹಾಗಿಲ್ಲ. ಬೇಕಂತ ಕದ್ದಿಲ್ಲ ಅನ್ನೋದು ನಿಮ್ಮ ಮನಸ್ಸಿಗೆ ಸಮಾಧಾನ, ಆದ್ರೆ ಆ ಹಕ್ಕಿ ಇನ್ನೊಬ್ಬರದ್ದು ಅನ್ನೋದು ಹಾಗೇ ಇರುತ್ತೆ ಅಂದೆ. ವೃತ್ತ, ಒಂದೇ ಬಣ್ಣ, ದಪ್ಪ ಅಕ್ಷರ ಯಾರಪ್ಪನ ಆಸ್ತಿನೂ ಅಲ್ಲ. ಕಾಪಿರೈಟ್ ಕೂಡ ಐಡಿಯಾಗೆ ಸಿಗಲ್ಲ, ಅದನ್ನ ಮಾಡಿ ತೋರಿಸಿದ ರೂಪಕ್ಕೆ ಸಿಗುತ್ತೆ. ಟ್ರೇಡ್‌ಮಾರ್ಕ್ ವಿಷಯ ಬಂದ್ರೆ ಗೊತ್ತಿಲ್ದೆ ಆಯ್ತು ಅನ್ನೋದು ಹೆಚ್ಚು ಕೆಲಸಕ್ಕೆ ಬರಲ್ಲ, ಅಲ್ಲಿ ಮುಖ್ಯವಾಗಿ ನೋಡೋದು ಜನಕ್ಕೆ ಗೊಂದಲ ಆಗುತ್ತಾ ಅಂತ, ಅದಕ್ಕೆ ವಕೀಲರನ್ನ ಕೇಳಿ ಅಂತ ಬೇರೆಯಾಗಿ ಹೇಳಿದೆ.

ದೊಡ್ಡೋರು ಮಾಡಿದ್ರೆ ನಡೆಯುತ್ತೆ ಅಂತ ಆಪಲ್ ಉದಾಹರಣೆ ಕೊಟ್ರು. 2012ರಲ್ಲಿ ಐಪ್ಯಾಡ್ ಗಡಿಯಾರಕ್ಕೆ ಸ್ವಿಸ್ ರೈಲ್ವೆ ಸ್ಟೇಷನ್ ಗಡಿಯಾರದ ಮುಖಾನೇ ಹಾಕಿದ್ರು, ಅದು ಹ್ಯಾನ್ಸ್ ಹಿಲ್ಫಿಕರ್ 1944ರಲ್ಲಿ ಮಾಡಿದ ಡಿಸೈನ್. ಆದ್ರೆ ನಡೆದಿದ್ದೇನು, ರೈಲ್ವೆಯವರು ಕೇಳಿದ್ರು, ಆಪಲ್ ಲೈಸೆನ್ಸ್ ತಗೊಳ್ಳಬೇಕಾಯ್ತು. ಟೋಕಿಯೋ ಒಲಿಂಪಿಕ್ಸ್‌ನ ಮೊದಲ ಲಾಂಛನದ ಕಥೆನೂ ಹೇಳಿದೆ. ಬೆಲ್ಜಿಯಂನ ಒಂದು ಥಿಯೇಟರ್ ಲೋಗೋ ಥರಾನೇ ಇದೆ ಅಂತ ಗಲಾಟೆ ಆಗಿ 2015ರ ಸೆಪ್ಟೆಂಬರಲ್ಲಿ ವಾಪಸ್ ತಗೊಂಡ್ರು. ಡಿಸೈನರ್ ಲಾಂಛನ ಕಾಪಿ ಅಲ್ಲ ಅಂತಾನೇ ಹೇಳ್ತಾ ಬಂದ್ರು, ಆದ್ರೆ ಅಷ್ಟರಲ್ಲಿ ಅವರ ಆಫೀಸಿನ ಬೇರೊಂದು ಕೆಲಸದಲ್ಲಿ, ಬ್ಯಾಗ್‌ಗಳ ಡಿಸೈನಲ್ಲಿ, ಬೇರೆಯವರದ್ದನ್ನ ಎತ್ತಿದ್ದು ಹೌದು ಅಂತ ಒಪ್ಕೊಂಡಾಗಿತ್ತು. ಆಮೇಲೆ ಇಲ್ಲ ಅಂದ್ರೆ ನಂಬೋರು ಕಮ್ಮಿ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಬಾಸ್‌ಗೂ ಆ ಕಂಪನಿಯವರಿಗೂ ನಿಜ ಹೇಳಿ, ಫೋಲ್ಡರಲ್ಲಿ ಸಿಕ್ತು ಅನ್ನೋದನ್ನೂ ಸೇರಿಸಿ, ಹೊಸ ಲೋಗೋ ಮಾಡಿಕೊಡ್ತೀನಿ ಅನ್ನಿ. ಮೂಲ ಡಿಸೈನರ್‌ಗೆ ಒಂದು ಪತ್ರ, ವಕೀಲರಿಗೆ ತೋರಿಸಿ, ಸಮಜಾಯಿಷಿ ಇಲ್ಲದೆ ನಾಲ್ಕೇ ಸಾಲು. ಪೋಸ್ಟ್ ಕೆಳಗೆ ಜಗಳಕ್ಕೆ ಹೋಗೋದು ಬೇಡ.

ರ ತಾವೇ ಕಂಡುಕೊಂಡಿದ್ದ ಮದ್ದು ಬೇರೆ ಇತ್ತು, ಇನ್ಮೇಲೆ ಯಾರ ಕೆಲಸಾನೂ ನೋಡಲ್ಲ ಅಂತ. ಅದು ಬೇಡವೇ ಬೇಡ ಅಂದೆ. ಹೆದರಿಕೆಯಿಂದ ದೂರ ಓಡಿದಷ್ಟೂ ಹೆದರಿಕೆ ಬೆಳೆಯುತ್ತೆ, ಅದೂ ಅಲ್ದೆ ಈಗಾಗಲೇ ತಲೆಲಿರೋದನ್ನ ಏನ್ ಮಾಡ್ತಾರೆ? ಬದಲಿಗೆ ಸೇವ್ ಮಾಡುವಾಗ ಯಾರದ್ದು, ಇದರಲ್ಲಿ ನನಗೆ ಏನು ಹಿಡಿಸ್ತು ಅಂತ ಒಂದು ಸಾಲು ಬರೀರಿ. ಸ್ಕೆಚ್ ಶುರು ಮಾಡುವಾಗ ಫೋಲ್ಡರ್ ಮುಚ್ಚಿ, ಮುಗಿದ ಮೇಲೆ ತೆಗೆದು ಪಕ್ಕದಲ್ಲಿಟ್ಟು ನೋಡಿ, ಇಮೇಜ್ ಸರ್ಚ್ ಹಾಕಿ, ತಾರೀಖು ಹಾಕಿದ ಸ್ಕೆಚ್ ಬಿಸಾಕ್ಬೇಡಿ. ಯಾವ ಭಾಗಕ್ಕೆ ಯಾಕೆ ಅಂದ್ರೆ ಚೆನ್ನಾಗಿ ಕಾಣ್ತು ಅನ್ನೋ ಉತ್ತರ ಮಾತ್ರ ಬರುತ್ತೋ ಅಲ್ಲಿ ನಿಲ್ಲಿ.

ಬಾಸ್ ಹತ್ರ ಮಾತಾಡಿದಾರೆ, ಹೊಸ ಲೋಗೋ ಕೆಲಸ ಇವರಿಗೆ ಕೊಡದೆ ಬೇರೆಯವರಿಗೆ ಕೊಟ್ರು, ಅದು ನೋವು, ನೋವಾಗೋದೇ. ಪತ್ರ ಇನ್ನೂ ಕಳಿಸಿಲ್ಲ. ನಿದ್ದೆ ಪರವಾಗಿಲ್ಲ, ಇದು ಮತ್ತೆ ಕೆಟ್ರೆ ಮನೋವೈದ್ಯರನ್ನ ನೋಡೋದು ಅಂತ ಮಾತಾಗಿದೆ.