ಮಕ್ಕಳ ಹೆಸರು, ಸಂಖ್ಯೆ, ದಾಖಲೆ ಬೇರೆಯವರ ಕೈಗೆ ಸಿಕ್ಕಾಗ: ಮೂರು ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಮೂರನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ವಿದ್ಯಾರ್ಥಿವೇತನದ ಅರ್ಜಿಗಾಗಿ ಆಧಾರ್, ಜನನ ಪ್ರಮಾಣಪತ್ರ ಮತ್ತು ಪಾಸ್‌ಬುಕ್ಕಿನ ಮೊದಲ ಪುಟವನ್ನು ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಹಾಕುವಂತೆ ಶಾಲೆಯಿಂದ ಸಂದೇಶ ಬಂದಿತ್ತು. ಎಲ್ಲರೂ ಹಾಕಿದರು, ನಾನೂ ಹಾಕಿದೆ. ಈಗ ಅವಳ ಹೆಸರಿನಲ್ಲಿ ಯಾರಾದರೂ ಸಾಲ ಎತ್ತಬಹುದೇ ಎಂದು ಭಯವಾಗುತ್ತಿದೆ. — ದಾವಣಗೆರೆಯ ಓದುಗರು

ಉತ್ತರ: ಸಾಲದ ಭಯವನ್ನು ಸದ್ಯಕ್ಕೆ ಬದಿಗಿಡಿ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲದ ಕಾರಣ, ಮೂರನೆಯ ತರಗತಿಯ ಹುಡುಗಿಯ ಹೆಸರಿಗೆ ಯಾವ ಬ್ಯಾಂಕೂ ವೈಯಕ್ತಿಕ ಸಾಲ ಮಂಜೂರು ಮಾಡುವುದಿಲ್ಲ. ಆಧಾರ್ ಸಂಖ್ಯೆ ಗೊತ್ತಿದ್ದ ಮಾತ್ರಕ್ಕೆ ಇ-ಕೆವೈಸಿ, ಅಂದರೆ ಆನ್‌ಲೈನಿನಲ್ಲಿ ಗುರುತು ಪರಿಶೀಲಿಸುವ ಪ್ರಕ್ರಿಯೆ, ಕೂಡ ಪೂರ್ಣಗೊಳ್ಳುವುದಿಲ್ಲ. ಅದಕ್ಕೆ ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಅಥವಾ ಬಯೊಮೆಟ್ರಿಕ್ ದೃಢೀಕರಣ ಬೇಕು.

ನೀವು ಎಚ್ಚರವಹಿಸಬೇಕಾದದ್ದು ಇನ್ನೆರಡು ವಿಷಯಗಳಲ್ಲಿ. ಮೊದಲನೆಯದು, ನಿಮಗೇ ಬರಬಹುದಾದ ಕರೆ. ಮಗುವಿನ ಹೆಸರು, ತರಗತಿ, ಶಾಲೆ, ತಂದೆಯ ಹೆಸರು, ಖಾತೆಯ ಕೊನೆಯ ನಾಲ್ಕು ಅಂಕಿ ಇವೆಲ್ಲವನ್ನೂ ತಪ್ಪಿಲ್ಲದೆ ಹೇಳಿ, "ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ನಿಮ್ಮ ಮಗಳ ಸ್ಕಾಲರ್‌ಶಿಪ್ ಮಂಜೂರಾಗಿದೆ ಮೇಡಂ, ಈಗ ಬಂದ ಒಟಿಪಿ ಹೇಳಿ" ಎಂದು ಕೇಳಿದರೆ ಅನುಮಾನಪಡುವವರು ಕಡಿಮೆ. ಎರಡನೆಯದು, ತಿದ್ದಿದ ಪ್ರತಿ. ಆಧಾರ್ ಚಿತ್ರದಲ್ಲಿ ಹುಟ್ಟಿದ ಇಸವಿಯನ್ನು ಹಿಂದಕ್ಕೆ ತಳ್ಳಿ, ಭಾವಚಿತ್ರ ಬದಲಿಸಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡದೆ ಬರೀ ಜೆರಾಕ್ಸ್ ತೆಗೆದುಕೊಳ್ಳುವ ಕಡೆ ಅದನ್ನು ಕೊಡಬಹುದು. ದೊಡ್ಡವರಿಗಾದರೆ ಬ್ಯಾಂಕಿನ ಎಸ್‌ಎಂಎಸ್ಸಿನಿಂದಲೋ ಕ್ರೆಡಿಟ್ ವರದಿಯಿಂದಲೋ ಇಂಥದ್ದು ಎಂದಾದರೂ ಗೊತ್ತಾಗುತ್ತದೆ, ಆದರೆ ಮಗುವಿನ ಹೆಸರಿನಲ್ಲಿ ಏನು ನಡೆಯುತ್ತಿದೆ ಎಂದು ಹತ್ತು ವರ್ಷ ಯಾರೂ ತಿರುಗಿ ನೋಡುವುದಿಲ್ಲ. ಮಕ್ಕಳ ಗುರುತು ಕದಿಯುವವರಿಗೆ ಅನುಕೂಲವಾಗಿರುವುದು ಇದೇ.

ಈಗ ಮಾಡಬೇಕಾದ ಕೆಲಸ. ನೀವು ಹಾಕಿದ ಸಂದೇಶವನ್ನು ಎಲ್ಲರಿಂದಲೂ ಅಳಿಸಲು ನಿಮಗೆ ಆಗದಿದ್ದರೆ, ಅಳಿಸಲು ಸಾಧ್ಯವೇ ಎಂದು ಗ್ರೂಪಿನ ಅಡ್ಮಿನ್ ಅವರನ್ನು ಕೇಳಿ. ತರಗತಿಯ ಶಿಕ್ಷಕರಿಗೆ ಫೋನ್ ಮಾಡಿ, ನಿಮ್ಮ ಮಗುವಿನದಷ್ಟೇ ಸಾಲದು, ಎಲ್ಲ ಮಕ್ಕಳ ದಾಖಲೆಗಳನ್ನೂ ಅಳಿಸುವಂತೆ ವಿನಂತಿಸಿ. ಇತರ ಪೋಷಕರ ಗ್ಯಾಲರಿಯಲ್ಲಿ ಈಗಾಗಲೇ ಉಳಿದಿರುವ ಪ್ರತಿಗಳಿಗೆ ಉಪಾಯವಿಲ್ಲ. ಆದ್ದರಿಂದಲೇ ಮುಂದಿನ ಸಲ ಮೂಲ ಕಾರ್ಡನ್ನು ಶಾಲೆಗೆ ಒಯ್ದು ತೋರಿಸಿ. ಪ್ರತಿ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುತ್ತದೆಯೇ ಎಂದು ಕೇಳಿ. ಅದನ್ನು ಮೈಆಧಾರ್ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಪ್ರತಿಯ ಮೇಲೆ ಅಡ್ಡಲಾಗಿ, ಅಕ್ಷರಗಳಿಗೆ ತಾಗುವಂತೆ, ಶಾಲೆಯ ಹೆಸರು, ಉದ್ದೇಶ ಮತ್ತು ದಿನಾಂಕವನ್ನು ಬರೆಯಿರಿ.

ಸೈಬರ್ ಸೆಂಟರಿನವರ ವಾಟ್ಸ್‌ಆ್ಯಪಿಗೆ ಇ-ಆಧಾರ್ ಪಿಡಿಎಫ್ ಕಳಿಸಿ ಪ್ರಿಂಟ್ ಹಾಕಿಸುವುದು ನಮ್ಮಲ್ಲಿ ಸಾಮಾನ್ಯ. ಆ ಕಡತಕ್ಕೆ ಪಾಸ್‌ವರ್ಡ್ ಇದೆಯಲ್ಲ ಎಂಬ ಧೈರ್ಯ ಬೇಡ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ಇಸವಿ, ಇಷ್ಟೇ ಅದರ ಪಾಸ್‌ವರ್ಡ್. ಮಗುವಿನ ಹೆಸರು, ಕೇಕಿನ ಮೇಲಿನ "8" ಮತ್ತು ದಿನಾಂಕವಿರುವ ಒಂದೇ ಒಂದು ಹುಟ್ಟುಹಬ್ಬದ ಫೋಟೊ ಅದನ್ನು ಬಿಡಿಸಿ ಹೇಳಿಬಿಡುತ್ತದೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸನ್ನು ಎಲ್ಲೆಂದರಲ್ಲಿ ಕೊಡಬೇಡಿ, ಮಾಸ್ಕ್ಡ್ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಗೊಂದಲವಾಗುತ್ತದೆಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆಯಲಾಯಿತು. ನನ್ನ ಮಟ್ಟಿಗೆ ಆ ಸಲಹೆ ಅಂದಿಗೂ ಸರಿಯಾಗಿತ್ತು, ಇಂದಿಗೂ ಸರಿಯಾಗಿದೆ.

ಇನ್ನೊಂದು ಅಂಶ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಮಗುವಿನ ಆಧಾರ್‌ಗೆ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಮೊಬೈಲ್ ಸಂಖ್ಯೆ ಜೋಡಣೆಯಾಗಿರುತ್ತದೆ. ಆ ಸಿಮ್ಮನ್ನು ರೀಚಾರ್ಜ್ ಮಾಡದೆ ಬಿಟ್ಟರೆ ಕಂಪನಿ ಅದೇ ಸಂಖ್ಯೆಯನ್ನು ಕೆಲವು ತಿಂಗಳ ನಂತರ ಬೇರೆ ಗ್ರಾಹಕರಿಗೆ ಕೊಡುತ್ತದೆ, ಮಗುವಿನ ಒಟಿಪಿ ಅವರ ಫೋನಿಗೆ ಹೋಗತೊಡಗುತ್ತದೆ. ಜೋಡಣೆಯಾಗಿರುವುದು ಈಗ ಬಳಕೆಯಲ್ಲಿರುವ ಸಂಖ್ಯೆಯೇ ಎಂದು ಇವತ್ತೇ ನೋಡಿಕೊಳ್ಳಿ. ಬದಲಿಸಬೇಕಿದ್ದರೆ ಮಗುವಿಗೆ ಐದು ವರ್ಷ ತುಂಬಿದಾಗ ಮಾಡಿಸಬೇಕಾದ ಕಡ್ಡಾಯ ಬಯೊಮೆಟ್ರಿಕ್ ನವೀಕರಣ ಬಾಕಿಯಿದೆಯೇ ಎಂಬುದನ್ನೂ ಆಧಾರ್ ಕೇಂದ್ರದಲ್ಲಿ ವಿಚಾರಿಸಿ. ನಂತರ ಮೈಆಧಾರ್ ಜಾಲತಾಣದಲ್ಲಿ ಬಯೊಮೆಟ್ರಿಕ್ ಲಾಕ್ ಹಾಕಿ, ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು. ಅಲ್ಲಿಯೇ ದೃಢೀಕರಣ ಇತಿಹಾಸ ಎಂಬ ವಿಭಾಗದಲ್ಲಿ ಕಳೆದ ಆರು ತಿಂಗಳಲ್ಲಿ ಆ ಆಧಾರ್ ಎಲ್ಲಿ ಬಳಕೆಯಾಯಿತು ಎಂಬುದು ಕಾಣುತ್ತದೆ. ಅಲ್ಲಿ ನಿಮಗೆ ಗೊತ್ತಿಲ್ಲದ ಸಂಸ್ಥೆಯ ಹೆಸರು ಕಂಡರೆ ಆಧಾರ್ ಸಹಾಯವಾಣಿ 1947ಕ್ಕೆ ತಿಳಿಸಿ.

ಶಾಲೆಗೆ ಪ್ರವೇಶ ಪಡೆಯಲು ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಕಾಲಾವಕಾಶವಿದೆ. ಹಾಗಾಗಿ ಸದ್ಯಕ್ಕೆ ಕಾನೂನಿಗಿಂತ ಮುಖ್ಯ ಶಿಕ್ಷಕರಿಗೆ ಬರೆದ ಒಂದು ವಿನಯದ ಪತ್ರವೇ ಬೇಗ ಕೆಲಸ ಮಾಡೀತು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿಯೇ ಹುಟ್ಟಿದ ನಮ್ಮ ಆರು ವರ್ಷದ ಮಗನ ಹೆಸರಿಗೆ ಕ್ರೆಡಿಟ್ ಕಾರ್ಡ್ ಕೊಡುವುದಾಗಿ ಪತ್ರ ಬಂದಿದೆ. ನಕ್ಕು ಬಿಸಾಡಬಹುದೇ? — ಅಮೆರಿಕದ ಓದುಗರು

ಉತ್ತರ: ನಗಬಹುದು, ಬಿಸಾಡಬೇಡಿ. ಮಗನ ಹೆಸರಿನಲ್ಲಿ ಉಳಿತಾಯ ಖಾತೆಯನ್ನೋ ವಿಮಾನ ಕಂಪನಿಯ ಸದಸ್ಯತ್ವವನ್ನೋ ಮಾಡಿಸಿದ್ದರೆ, ಆ ಪಟ್ಟಿಯಿಂದ ಹೆಸರು ಜಾಹೀರಾತಿನವರಿಗೆ ಹೋಗಿರಬಹುದು. ಆದರೂ ಪರೀಕ್ಷಿಸಲೇಬೇಕು, ಏಕೆಂದರೆ ನಿಮ್ಮಲ್ಲಿನ ಅಪಾಯ ಇಲ್ಲಿನದಕ್ಕಿಂತ ಬೇರೆ ಬಗೆಯದು. ಅಲ್ಲಿ ಮಗುವಿಗೆ ಹುಟ್ಟಿದ ಕೂಡಲೇ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುತ್ತದೆ, ಸಾಲದ ವ್ಯವಹಾರವೆಲ್ಲ ಅದರ ಸುತ್ತ ನಡೆಯುತ್ತದೆ. ಕಳ್ಳರು ಮಗುವಿನ ಸಂಖ್ಯೆಗೆ ಬೇರೊಂದು ಹೆಸರು ಮತ್ತು ದೊಡ್ಡವರ ಜನ್ಮದಿನಾಂಕವನ್ನು ಅಂಟಿಸಿ, ಇಲ್ಲದ ವ್ಯಕ್ತಿಯೊಬ್ಬನನ್ನು ಸೃಷ್ಟಿಸುತ್ತಾರೆ. ಆ ಸಂಖ್ಯೆಗೆ ಹಳೆಯ ಸಾಲದ ಚರಿತ್ರೆಯೇ ಇಲ್ಲದಿರುವುದರಿಂದ ತಾಳೆ ನೋಡಲು ಏನೂ ಸಿಗುವುದಿಲ್ಲ.

ಜನರ ಸಾಲದ ಚರಿತ್ರೆಯನ್ನು ದಾಖಲಿಸಿಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರೂ ಸಂಸ್ಥೆಗಳಿಗೆ ಪ್ರತ್ಯೇಕವಾಗಿ ಬರೆದು, ಮಗನ ಸಂಖ್ಯೆಯ ಮೇಲೆ ಕ್ರೆಡಿಟ್ ಕಡತವಿದೆಯೇ ಎಂದು ಹುಡುಕಿಸಿ. ಇಲ್ಲವೆಂಬ ಉತ್ತರ ಬಂದರೂ ಅಲ್ಲಿಗೇ ನಿಲ್ಲದೆ ಫ್ರೀಜ್ ಹಾಕಿಸಿ, ಅಂದರೆ ಹೊಸ ಸಾಲ ಕೊಡುವವರಿಗೆ ಆ ಕಡತ ಕಾಣದಂತೆ ತಡೆ ಹಾಕಿಸಿ. 2018ರ ಸೆಪ್ಟೆಂಬರ್ 21ರಿಂದ ಹದಿನಾರು ತುಂಬದ ಮಕ್ಕಳಿಗೆ ಇದು ಉಚಿತ. ಕಡತವಿಲ್ಲದಿದ್ದರೆ ಫ್ರೀಜ್ ಮಾಡುವುದಕ್ಕಾಗಿಯೇ ಒಂದು ದಾಖಲೆಯನ್ನು ಸಂಸ್ಥೆ ತೆರೆಯಬೇಕು. ಮಗುವಿನ ಜನನ ಪ್ರಮಾಣಪತ್ರ, ಸಂಖ್ಯೆಯ ಕಾರ್ಡು ಮತ್ತು ನಿಮ್ಮ ಗುರುತಿನ ಪ್ರತಿಗಳನ್ನು ಅಂಚೆಯಲ್ಲಿ ಕಳಿಸಬೇಕಾಗುತ್ತದೆ. ಬೇಸರದ ಕೆಲಸ, ಆದರೂ ನೀವೇ ತೆಗೆಸುವವರೆಗೆ ಫ್ರೀಜ್ ಇರುತ್ತದೆ. ಕಡತ ಸಿಕ್ಕಿಬಿಟ್ಟರೆ ಐಡೆಂಟಿಟಿಥೆಫ್ಟ್ ಡಾಟ್ ಗೌ ತಾಣದಲ್ಲಿ ದೂರು ದಾಖಲಿಸಿ, ಆ ವರದಿಯನ್ನು ಮೂರೂ ಸಂಸ್ಥೆಗಳಿಗೂ ಖಾತೆ ತೆರೆದ ಕಂಪನಿಗೂ ಕಳಿಸಿ. ದಂತವೈದ್ಯರ ಅಥವಾ ಕ್ರೀಡಾ ತರಬೇತಿಯ ಅರ್ಜಿಯಲ್ಲಿ ಈ ಸಂಖ್ಯೆಗೆ ಜಾಗವಿದ್ದರೆ ಖಾಲಿ ಬಿಟ್ಟು ಕೊಡಿ. ಅಗತ್ಯವಿದ್ದರೆ ಏಕೆ ಬೇಕೆಂದು ಅವರೇ ಹೇಳಲಿ.

ಪ್ರಶ್ನೆ: ಪಿಯುಸಿ ಓದುವ ಮಗ ತನ್ನ ಎಟಿಎಂ ಕಾರ್ಡು ಮತ್ತು ಸಿಮ್ಮನ್ನು ಪರಿಚಯದವನೊಬ್ಬನಿಗೆ "ಸ್ವಲ್ಪ ದಿನಕ್ಕೆ" ಕೊಟ್ಟು ಎರಡು ಸಾವಿರ ರೂಪಾಯಿ ಪಡೆದಿದ್ದಾನೆ. ಇದೂ ಗುರುತಿನ ಕಳವೇ? — ಮೈಸೂರಿನ ಓದುಗರು

ಉತ್ತರ: ಇಲ್ಲಿ ಗುರುತನ್ನು ಯಾರೂ ಕದಿಯಲಿಲ್ಲ, ಬಾಡಿಗೆಗೆ ಪಡೆದರು, ಪರಿಣಾಮ ಇನ್ನೂ ಕೆಟ್ಟದ್ದು. ಹತ್ತು ವರ್ಷ ದಾಟಿದ ಮಕ್ಕಳು ಖಾತೆಯನ್ನು ತಾವೇ ನಿರ್ವಹಿಸಲು ಬ್ಯಾಂಕುಗಳು ಅವಕಾಶ ಕೊಡಬಹುದಾದ್ದರಿಂದ, ವಂಚನೆಯ ಹಣ ಸಾಗಿಸುವ ಮ್ಯೂಲ್ ಖಾತೆಗೆ ವಿದ್ಯಾರ್ಥಿಗಳನ್ನು ಹುಡುಕುವುದು ಸುಲಭವಾಗಿದೆ. ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟ ಕೂಡಲೇ ಪೊಲೀಸರಿಗೆ ಮೊದಲು ಸಿಗುವುದು ನಿಮ್ಮ ಮಗನ ಹೆಸರು ಮತ್ತು ವಿಳಾಸ. ಇವತ್ತೇ ಕಾರ್ಡು ಮತ್ತು ಸಿಮ್ಮನ್ನು ಬ್ಲಾಕ್ ಮಾಡಿಸಿ, ಶಾಖೆಗೆ ಲಿಖಿತವಾಗಿ ತಿಳಿಸಿ, ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ. ಗುರುತಿಲ್ಲದ ಹಣ ಬಂದಿದ್ದರೆ ಅದನ್ನು ಮುಟ್ಟಬೇಡಿ, "ವಾಪಸ್ ಕಳಿಸಿ" ಎಂದು ಆ ವ್ಯಕ್ತಿ ಕೇಳಿದರೂ ಕಳಿಸಬೇಡಿ. ಮಗನನ್ನೂ ಕರೆದುಕೊಂಡು, ಸಾಧ್ಯವಾದರೆ ವಕೀಲರೊಂದಿಗೆ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ ನಡೆದದ್ದನ್ನು ನೀವೇ ತಿಳಿಸಿ, ದೂರಿನ ಸ್ವೀಕೃತಿಯ ಪ್ರತಿಯನ್ನು ಬ್ಯಾಂಕಿಗೂ ಕೊಡಿ.