50 ಪೈಸೆಗೆ ಒಪ್ಪಲೇ ಎಂದು ಕೇಳಿದವರಿಗೆ

ಮಲಯಾಳಂನಿಂದ ಕನ್ನಡಕ್ಕೆ ಅನುವಾದಿಸಲು ಪದಕ್ಕೆ 1 ರೂಪಾಯಿ ಕೊಡುತ್ತಿದ್ದವರು, ‘ಮೆಷಿನ್ ಅನುವಾದ ಇದೆ, ತಿದ್ದಿದರೆ ಸಾಕು’ ಎಂದು ಈಗ 50 ಪೈಸೆ ಅನ್ನುತ್ತಿದ್ದಾರೆ, ಅಲ್ವಾ? ತಕ್ಷಣ ಹೂಂ ಅನ್ನಬೇಡಿ. ಮೊದಲು 500 ಪದ ತಿದ್ದಿ, ಗಡಿಯಾರ ನೋಡಿ. ನೀವೇ ಮೊದಲಿಂದ ಅನುವಾದಿಸಲು ಹಿಡಿಯುವುದರ ಅರ್ಧ ಹೊತ್ತಿನಲ್ಲಿ ಮುಗಿದರೆ ಮಾತ್ರ ಆ ದರ ಸರಿ.

ನಾನೂ ನಿಮ್ಮ ಹಾಗೆ ಕಾಸರಗೋಡಿನ ಅನುವಾದಕನೇ. ಹೀಗೇ ಒಪ್ಪಿ ಕೈ ಸುಟ್ಟುಕೊಂಡೆ. ಮಲಯಾಳಂನಲ್ಲಿ ‘ವನ್ನು’ ಅಂದರೆ ಬಂದನು, ಬಂದಳು ಎರಡೂ; ಅವನಿಗೂ ಅವಳಿಗೂ ಒಂದೇ. ಮೆಷಿನ್ ಗರ್ಭಿಣಿಯನ್ನೂ ‘ಬಂದನು’ ಮಾಡಿತ್ತು! ‘ಅವಸರಂ’ ಅಂದರೆ ಅಲ್ಲಿ ಅವಕಾಶ, ನಮಗೆ ಗಡಿಬಿಡಿ. ಇಂಥದ್ದನ್ನು ಹಿಡಿಯಲು ಮೂಲ, ಅನುವಾದ ಎರಡನ್ನೂ ಸಾಲು ಸಾಲಾಗಿ ಓದಲೇಬೇಕು. ಸಮಯ ಎಲ್ಲಿ ಉಳಿಯುತ್ತದೆ?

ಗಂಟೆಗಿಷ್ಟು ಎಂದು ಕೇಳಿ ನೋಡಿ. ಬೇರೆ ಕೆಲಸ ಇಲ್ಲದೆ ಒಪ್ಪಲೇಬೇಕಾದರೆ, ‘ಈ ಒಂದು ಫೈಲಿಗೆ ಮಾತ್ರ’ ಎಂದು ಮೇಲ್‌ನಲ್ಲಿ ಬರೆದುಬಿಡಿ. ಇಲ್ಲದಿದ್ದರೆ ಅದೇ ಕಾಯಂ ಆಗುತ್ತದೆ.