4 ಜಿಬಿ ರ‍್ಯಾಮ್‌ನ ಪುಟ್ಟ ಲ್ಯಾಪ್‌ಟಾಪ್‌ಗೆ ಯಾವ ಓಎಸ್ ಹಾಕಲಿ?

ಪ್ರಶ್ನೆ: "ನನ್ನ ಹತ್ತಿರ 11.6 ಇಂಚಿನ ಚಿಕ್ಕ ಲ್ಯಾಪ್‌ಟಾಪ್ ಇದೆ. ಸೆಲೆರಾನ್ ಎನ್3350, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್. ವಿಂಡೋಸ್ 10 ಇದೆ, ಆಮೆ ನಡಿಗೆ. ಲಿನಕ್ಸ್ ಹಾಕಲಾ, ಕ್ರೋಮ್ ಓಎಸ್ ಫ್ಲೆಕ್ಸ್ ಹಾಕಲಾ, ಹೀಗೇ ಬಿಡಲಾ? ಇಂಟರ್ನೆಟ್ ನೋಡೋದು, ವಿಡಿಯೋ, ಸ್ವಲ್ಪ ಟೈಪಿಂಗ್. ಅಷ್ಟೇ ನನ್ನ ಕೆಲಸ."

ಲಿನಕ್ಸ್ ಮಿಂಟ್ ಹಾಕಿ. ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ. ಆದರೆ ಇವತ್ತೇ ಡಿಸ್ಕ್ ಅಳಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ, ಅದರಲ್ಲಿ ನನ್ನ ಪೆದ್ದುತನದ ಕಥೆಯೂ ಇದೆ.

ಮೊದಲು ವಿಂಡೋಸ್ ವಿಷಯ ಮುಗಿಸಿಬಿಡೋಣ. ನಿಮ್ಮ ಎನ್3350 ಬಂದದ್ದು 2016ರಲ್ಲಿ. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಅದು ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ಒಂದು ವ್ಯವಸ್ಥೆ ಇದೆ. ಅದು ವಾಯಿದೆ ಮುಂದಕ್ಕೆ ಹಾಕಿದ ಹಾಗೆ, ಅಷ್ಟೇ. ತಪಾಸಣೆಗೆ ಚಳ್ಳೆಹಣ್ಣು ತಿನ್ನಿಸಿ ವಿಂಡೋಸ್ 11 ಹಾಕುವ ದಾರಿಗಳೂ ಇವೆ. ನಿಮ್ಮ ಯಂತ್ರಕ್ಕೆ ಅದು ಬೇಡ. ವಿಂಡೋಸ್ 11 ಕೇಳುವ ಕನಿಷ್ಠವೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ನಿಮ್ಮದು ಹೊಸ್ತಿಲ ಮೇಲೇ ನಿಂತಿದೆ. ಹೇಗೋ ಒಳಗೆ ನುಗ್ಗಿಸಿದರೂ ಮುಂದಿನ ಅಪ್‌ಡೇಟ್‌ಗಳು ಬಂದೇ ಬರುತ್ತವೆ ಅನ್ನುವ ಭರವಸೆ ಇಲ್ಲ.

ಆದರೂ ಒಂದು ಮಾತು ಕೇಳಲೇಬೇಕು. ವಿಂಡೋಸ್‌ನಲ್ಲಿ ಮಾತ್ರ ಓಡುವ ಯಾವುದಾದರೂ ತಂತ್ರಾಂಶ ನಿಮಗೆ ಬೇಕೇಬೇಕಾ? ಡಿಜಿಟಲ್ ಸಹಿಯ ಡಾಂಗಲ್, ಆನ್‌ಲೈನ್ ಪರೀಕ್ಷೆಯ ತಂತ್ರಾಂಶ, ಹಳೇ ಪ್ರಿಂಟರ್, ಇಂಥದ್ದು ಏನಾದರೂ? ಇದ್ದರೆ ಅದನ್ನು ಮೊದಲು ಪರೀಕ್ಷಿಸಿ. ಅದೊಂದು ಕೆಲಸ ಮಾಡದಿದ್ದರೆ ಲಿನಕ್ಸ್ ಎಷ್ಟೇ ಚೆನ್ನಾಗಿ ಓಡಿದರೂ ಒಂದು ತಿಂಗಳಲ್ಲಿ ನೀವು ವಾಪಸ್ ಹೋಗುತ್ತೀರಿ. ನಿಮ್ಮ ಪ್ರಶ್ನೆ ನೋಡಿದರೆ ಅಂಥದ್ದೇನೂ ಇದ್ದ ಹಾಗಿಲ್ಲ.

ಈಗ ಅಸಲಿ ವಿಷಯ. ಚಿಕ್ಕ ಲ್ಯಾಪ್‌ಟಾಪ್ ಅಂದ ಕೂಡಲೇ ಎಲ್ಲರೂ "ಹಗುರವಾದ ಓಎಸ್" ಹುಡುಕುತ್ತಾರೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ವಾರಕ್ಕೊಂದು ಡಿಸ್ಟ್ರೋ (ಅಂದರೆ ಲಿನಕ್ಸ್‌ನ ಒಂದೊಂದು ಬಗೆ), ಹಾಕು, ತೆಗೆ. ಕೊನೆಗೆ ಗೊತ್ತಾಗಿದ್ದು, ಭಾರ ಇರುವುದು ಓಎಸ್‌ನಲ್ಲಿ ಅಲ್ಲ, ಬ್ರೌಸರ್‌ನಲ್ಲಿ. ನನ್ನದೂ ನಿಮ್ಮ ಲ್ಯಾಪ್‌ಟಾಪ್‌ನ ಪೀಳಿಗೆಯದೇ. ಅದರಲ್ಲಿ ಮಿಂಟ್ ಎಕ್ಸ್‌ಎಫ್‌ಸಿಇ ಸುಮ್ನೆ ಕೂತಾಗ ಮುಕ್ಕಾಲು ಜಿಬಿ ಆಸುಪಾಸು ರ‍್ಯಾಮ್ ತಿನ್ನುತ್ತದೆ. ಆಂಟಿಎಕ್ಸ್ ಅನ್ನುವ ಇನ್ನೂ ಹಗುರ ಡಿಸ್ಟ್ರೋ ಅದರ ಮೂರನೇ ಒಂದು ಪಾಲಿನಲ್ಲಿ ಮುಗಿಸುತ್ತದೆ. ವ್ಯತ್ಯಾಸ ಅರ್ಧ ಜಿಬಿ. ಆ ಅರ್ಧ ಜಿಬಿಯನ್ನು ಎರಡು ಮೂರು ಭಾರೀ ಟ್ಯಾಬ್‌ಗಳು ಒಂದೇ ಗುಕ್ಕಿಗೆ ನುಂಗುತ್ತವೆ. 4 ಜಿಬಿ ಇರುವವರು ಅಷ್ಟಕ್ಕಾಗಿ ವೈಫೈ ಮೆನು ಎಲ್ಲಿದೆ, ಪರದೆಯ ಬೆಳಕು ಹೆಚ್ಚಿಸುವುದು ಹೇಗೆ ಅಂತ ಪರದಾಡಬೇಕಾಗಿಲ್ಲ. 2 ಜಿಬಿ ಇದ್ದಿದ್ದರೆ ಬೇರೆ ಮಾತು. ಆಗ ನಾನೇ ಆಂಟಿಎಕ್ಸ್ ಹಾಕಿ ಅನ್ನುತ್ತಿದ್ದೆ. ನಡುವಿನದು ಬೇಕು ಅನ್ನುವವರಿಗೆ ಲುಬುಂಟು ಇದೆ, ಎಂಎಕ್ಸ್ ಲಿನಕ್ಸ್ ಇದೆ. ಎರಡೂ ಚೆನ್ನಾಗಿವೆ.

ಹಾಗಾದರೆ ಓಎಸ್ ಆರಿಸುವಾಗ ನೋಡಬೇಕಾದದ್ದು ಏನು? ಬ್ರೌಸರ್‌ಗೆ ಸಾಕಷ್ಟು ರ‍್ಯಾಮ್ ಬಿಡಬೇಕು, ಇನ್ನೂ ಕೆಲವು ವರ್ಷ ಅಪ್‌ಡೇಟ್ ಬರಬೇಕು, ನಿಮ್ಮ ಯಂತ್ರದ ವೈಫೈ ಮತ್ತು ಸ್ಲೀಪ್ ಸರಿಯಾಗಿ ಕೆಲಸ ಮಾಡಬೇಕು. ಮಿಂಟ್ 22ರ ಸಾಲು ಉಬುಂಟು 24.04 ಅನ್ನುವ ಇನ್ನೊಂದು ಡಿಸ್ಟ್ರೋ ಮೇಲೆ ಕಟ್ಟಿದ್ದು, 2029ರವರೆಗೆ ಬೆಂಬಲ ಇದೆ. ನಿಮ್ಮ ಲ್ಯಾಪ್‌ಟಾಪ್‌ನ ಬ್ಯಾಟರಿ ಅಲ್ಲಿವರೆಗೆ ಬಂದರೆ ದೊಡ್ಡದು.

ಕ್ರೋಮ್ ಓಎಸ್ ಫ್ಲೆಕ್ಸ್ ಬಗ್ಗೆ ಕೇಳಿದ್ದೀರಿ. ಕ್ಲೌಡ್‌ರೆಡಿ ಅನ್ನುವ ಓಎಸ್ ಅನ್ನು ಗೂಗಲ್ 2020ರಲ್ಲಿ ಕೊಂಡುಕೊಂಡು, 2022ರಲ್ಲಿ ಈ ಹೆಸರಲ್ಲಿ ಹೊರತಂದಿತು. 4 ಜಿಬಿ ರ‍್ಯಾಮ್, 16 ಜಿಬಿ ಜಾಗ ಸಾಕು. ಬ್ರೌಸರ್ ಬಿಟ್ಟರೆ ಬೇರೇನೂ ಬೇಡ, ಏನೂ ಸರಿಮಾಡುತ್ತಾ ಕೂರುವ ಮನಸ್ಸಿಲ್ಲ ಅನ್ನುವವರಿಗೆ ಇದೇ ಒಳ್ಳೆಯದು. ವಯಸ್ಸಾದವರಿಗೆ, ಮಕ್ಕಳಿಗೆ ಕೊಡುವ ಯಂತ್ರಕ್ಕೆ ನಾನು ಇದನ್ನೇ ಹಾಕುತ್ತೇನೆ. ಆದರೆ ಅಂಗಡಿಯಲ್ಲಿ ಸಿಗುವ ಕ್ರೋಮ್‌ಬುಕ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಫ್ಲೆಕ್ಸ್‌ನಲ್ಲಿ ಪ್ಲೇ ಸ್ಟೋರ್ ಇಲ್ಲ, ಆಂಡ್ರಾಯ್ಡ್ ಆ್ಯಪ್‌ಗಳು ಓಡುವುದಿಲ್ಲ. ಹಾಕಿದ ಮೇಲೆ ಇದು ಗೊತ್ತಾಗಿ ಬೇಜಾರು ಮಾಡಿಕೊಂಡವರು ಜಾಸ್ತಿ. ಇನ್ನೊಂದು, ಅದು ಇಡೀ ಡಿಸ್ಕ್ ತನ್ನದು ಮಾಡಿಕೊಳ್ಳುತ್ತದೆ. ಪಕ್ಕದಲ್ಲಿ ವಿಂಡೋಸ್‌ಗೂ ಜಾಗ ಇರಲಿ ಅಂದರೆ ಆಗುವುದಿಲ್ಲ. ಗೂಗಲ್ ಪರೀಕ್ಷಿಸಿ ಪಟ್ಟಿ ಮಾಡಿದ ಮಾದರಿಗಳಿವೆ. ನಿಮ್ಮದು ಅದರಲ್ಲಿ ಇದೆಯಾ, ಇದ್ದರೆ ಎಷ್ಟನೇ ಇಸವಿಯವರೆಗೆ ಅಂತ ನೋಡಿಕೊಳ್ಳಿ.

ಈಗ ನನ್ನ ಕಥೆ. ಮೊದಲ ಸಲ ಲಿನಕ್ಸ್ ಹಾಕುವಾಗ ಉತ್ಸಾಹ ಜಾಸ್ತಿ ಇತ್ತು. ಪೆನ್‌ಡ್ರೈವ್ ಚುಚ್ಚಿದೆ, "ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು" ಒತ್ತಿದೆ, ಕಾಫಿ ಕುಡಿಯಲು ಹೋದೆ. ಬಂದು ನೋಡಿದರೆ ಎಲ್ಲ ಮುಗಿದಿದೆ, ಆದರೆ ವೈಫೈ ಇಲ್ಲ. ಅದರ ಡ್ರೈವರ್ ಇಂಟರ್ನೆಟ್‌ನಿಂದ ಇಳಿಸಬೇಕಂತೆ. ಇಂಟರ್ನೆಟ್‌ಗೆ ವೈಫೈ ಬೇಕು. ಈ ಪುಟಾಣಿ ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಕೂಡ ಇರುವುದಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಲಿನಕ್ಸ್ ಅದನ್ನು ವೈರ್ ಇರುವ ನೆಟ್‌ವರ್ಕ್ ಅಂತಲೇ ತಿಳಿದುಕೊಳ್ಳುತ್ತದೆ. ಆಮೇಲೆ ಹತ್ತೇ ನಿಮಿಷದ ಕೆಲಸ.

ಅದಕ್ಕೇ ಹೇಳಿದ್ದು, ಇವತ್ತೇ ಅಳಿಸಬೇಡಿ ಅಂತ. ರೂಫಸ್ ಅಥವಾ ಬಲೆನಾ ಎಚರ್ ಅನ್ನುವ ತಂತ್ರಾಂಶ ಬಳಸಿ ಮಿಂಟ್ ಅನ್ನು 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಅದರಿಂದಲೇ ಲ್ಯಾಪ್‌ಟಾಪ್ ಬೂಟ್ ಮಾಡಿ (ಶುರು ಮಾಡಿ), ಇನ್‌ಸ್ಟಾಲ್ ಮಾಡದೆ ಒಂದು ಸಂಜೆ ಬಳಸಿ. ವೈಫೈ ಸಿಗುತ್ತಾ, ಸ್ಪೀಕರ್‌ನಿಂದ ಸದ್ದು ಬರುತ್ತಾ, ಕ್ಯಾಮೆರಾದಲ್ಲಿ ನಿಮ್ಮ ಮುಖ ಕಾಣುತ್ತಾ, ಬೆಳಕಿನ ಕೀಲಿಗಳು ಓಡುತ್ತವಾ ನೋಡಿ. ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಅಗ್ಗದ ಯಂತ್ರಗಳು ಕೈಕೊಡುವುದು ಹೆಚ್ಚಾಗಿ ಸದ್ದಿನಲ್ಲಿ ಮತ್ತು ಈ ನಿದ್ದೆ-ಎಚ್ಚರದ ಆಟದಲ್ಲಿ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಹಿಯಿಲ್ಲದ ಓಎಸ್ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಿಲ್ಲ, ಮಿಂಟ್ ಅದರ ಜೊತೆಗೇ ಬೂಟ್ ಆಗುತ್ತದೆ.

ಇನ್‌ಸ್ಟಾಲ್ ಮಾಡುವಾಗ ಎಡವುವ ಜಾಗ ಒಂದಿದೆ. ಮಾಮೂಲಿ ಹಾರ್ಡ್ ಡಿಸ್ಕ್ ಲಿನಕ್ಸ್‌ನಲ್ಲಿ "ಎಸ್‌ಡಿಎ" ಅಂತ ಕಾಣಿಸುತ್ತದೆ. ನಿಮ್ಮ ಇಎಂಎಂಸಿ ಹಾಗೆ ಕಾಣುವುದಿಲ್ಲ, ಅದರ ಹೆಸರು "ಎಂಎಂಸಿ" ಅಂತ ಶುರುವಾಗುತ್ತದೆ. ಎಸ್‌ಡಿಎ ಅಂತ ಕಾಣುವುದು ನಿಮ್ಮ ಪೆನ್‌ಡ್ರೈವ್! ಹೆಸರು ನೋಡಿ ಗಾಬರಿಯಾಗಬೇಡಿ, ಗಾತ್ರ ನೋಡಿ ಆರಿಸಿ.

ಇಎಂಎಂಸಿ ಅಂದರೆ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ ಸ್ಟೋರೇಜ್. ಬಿಚ್ಚಿ ದೊಡ್ಡದು ಹಾಕುವ ಹಾಗಿಲ್ಲ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್‌ನ ಗತಿಯೂ ಸಾಮಾನ್ಯವಾಗಿ ಅದೇ. ಹಾಗಾಗಿ ಈ 64 ಜಿಬಿಯನ್ನು ಬಾಡಿಗೆ ಮನೆಯ ಒಂದೇ ಕೋಣೆಯ ಹಾಗೆ ಜೋಪಾನ ಮಾಡಬೇಕು. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಅಂತ ಒಂದಿದೆ, ವ್ಯವಸ್ಥೆಯ ಪ್ರತಿ ತೆಗೆದಿಡುತ್ತದೆ. ಒಳ್ಳೆಯದೇ, ಆದರೆ ಅದೇ ಡಿಸ್ಕ್‌ನಲ್ಲಿ ದಿನಕ್ಕೊಂದು ಪ್ರತಿ ಇಡುತ್ತಾ ಹೋದರೆ ಜಾಗ ಖಾಲಿ. ಒಂದೋ ಎರಡೋ ಪ್ರತಿಗೆ ಮಿತಿ ಹಾಕಿ. ಫ್ಲಾಟ್‌ಪ್ಯಾಕ್ ಅನ್ನುವ ಬಗೆಯ ಆ್ಯಪ್‌ಗಳ ಮೇಲೂ ಕಣ್ಣಿರಲಿ. ಸಣ್ಣದೊಂದು ಆ್ಯಪ್ ಹಾಕಿದರೂ ಅದು ತನ್ನ ಜೊತೆ ಇಡೀ ಸಂಸಾರವನ್ನೇ ಕರೆತರುತ್ತದೆ. ಅದೇ ಆ್ಯಪ್ ಮಾಮೂಲಿ ಪ್ಯಾಕೇಜ್ ಆಗಿ ಸಿಕ್ಕರೆ ಅದನ್ನೇ ಹಾಕಿ. ಫೋಟೋ, ಹಾಡು, ವಿಡಿಯೋ ಎಲ್ಲ ಮೆಮೊರಿ ಕಾರ್ಡ್‌ಗೆ ಸಾಗಿಸಿ.

ಇನ್ನು ರ‍್ಯಾಮ್. ಇಲ್ಲಿ ಒಂದೇ ಒಂದು ಕೆಲಸ ಮಾಡಿ, ಝಡ್‌ರ‍್ಯಾಮ್ ಹಾಕಿಕೊಳ್ಳಿ. ರ‍್ಯಾಮ್ ತುಂಬಿದಾಗ ಓಎಸ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕ್‌ಗೆ ಎತ್ತಿಡುತ್ತದೆ, ಅದಕ್ಕೆ ಸ್ವಾಪ್ ಅನ್ನುತ್ತಾರೆ. ನಿಮ್ಮ ಇಎಂಎಂಸಿ ನಿಧಾನ, ಅದಕ್ಕೇ ಟ್ಯಾಬ್ ಬದಲಿಸಿದಾಗ ಯಂತ್ರ ಉಸಿರುಕಟ್ಟಿ ನಿಲ್ಲುವುದು. ಝಡ್‌ರ‍್ಯಾಮ್ ಆ ಬೇಡದ್ದನ್ನು ಡಿಸ್ಕ್‌ಗೆ ಕಳಿಸುವ ಬದಲು ಒತ್ತಿ ಚಿಕ್ಕದು ಮಾಡಿ ರ‍್ಯಾಮ್‌ನಲ್ಲೇ ಇಡುತ್ತದೆ. ಎರಡು ಜಿಬಿ ಸಾಮಾನು ಒಂದು ಜಿಬಿ ಜಾಗದಲ್ಲಿ, ಕೆಲವೊಮ್ಮೆ ಇನ್ನೂ ಕಡಿಮೆಯಲ್ಲಿ ಕೂರುತ್ತದೆ. ಪ್ರೊಸೆಸರ್‌ಗೆ ಸ್ವಲ್ಪ ಕೆಲಸ ಹೆಚ್ಚು, ಆದರೆ ಡಿಸ್ಕ್‌ಗೆ ಕಾಯುವುದಕ್ಕಿಂತ ಎಷ್ಟೋ ವಾಸಿ. ಕ್ರೋಮ್ ಓಎಸ್ ಇದನ್ನೇ ಬಳಸುತ್ತದೆ, ಫೆಡೋರಾ 2020ರಿಂದ ತಾನಾಗೇ ಹಾಕಿಕೊಡುತ್ತದೆ. ಮಿಂಟ್‌ನಲ್ಲಿ "ಝಡ್‌ರ‍್ಯಾಮ್ ಟೂಲ್ಸ್" ಅನ್ನುವ ಪ್ಯಾಕೇಜ್ ನೀವೇ ಹಾಕಬೇಕು. ಹಗುರ ಡಿಸ್ಟ್ರೋ ಹುಡುಕಿ ನಾನು ಗಳಿಸಿದ್ದಕ್ಕಿಂತ ಈ ಒಂದು ಪ್ಯಾಕೇಜ್‌ನಿಂದ ಗಳಿಸಿದ್ದು ಜಾಸ್ತಿ. ಜೊತೆಗೆ ಫೈರ್‌ಫಾಕ್ಸ್ ಬ್ರೌಸರ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿ. ಜಾಹೀರಾತು ಇಲ್ಲದ ಪುಟ ಬೇಗ ತೆರೆಯುತ್ತದೆ, ಕಡಿಮೆ ತಿನ್ನುತ್ತದೆ.

ವಿಡಿಯೋ ತಡವರಿಸಿದರೆ ತಪ್ಪು ಓಎಸ್‌ನದ್ದೇ ಆಗಿರಬೇಕಿಲ್ಲ. ನಿಮ್ಮ ಚಿಪ್‌ನ ಗ್ರಾಫಿಕ್ಸ್ ಎಚ್.264 ಮತ್ತು ವಿಪಿ9 ಅನ್ನುವ ಬಗೆಗಳಲ್ಲಿ ಒತ್ತಿ ಚಿಕ್ಕದು ಮಾಡಿದ ವಿಡಿಯೋಗಳನ್ನು ತಾನೇ ಬಿಡಿಸಬಲ್ಲದು. ಎವಿ1 ಅನ್ನುವ ಹೊಸ ಬಗೆ ಅದಕ್ಕೆ ಬರುವುದಿಲ್ಲ. ಯೂಟ್ಯೂಬ್ ಎವಿ1 ಕಳಿಸಿದರೆ ಪೂರ್ತಿ ಭಾರ ಪ್ರೊಸೆಸರ್‌ನ ಎರಡು ಕೋರ್‌ಗಳ ಬೆನ್ನ ಮೇಲೆ. ಫೈರ್‌ಫಾಕ್ಸ್‌ನ "ಅಬೌಟ್ ಕಾನ್ಫಿಗ್" ಪುಟದಲ್ಲಿ ಎವಿ1 ಅಂತ ಹುಡುಕಿ, ಅದನ್ನು ಆಫ್ ಮಾಡಿ. ಲಿನಕ್ಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್‌ಗೆ ಹಾರ್ಡ್‌ವೇರ್ ಡಿಕೋಡಿಂಗ್ (ಗ್ರಾಫಿಕ್ಸೇ ವಿಡಿಯೋ ಬಿಡಿಸುವುದು) ಫೈರ್‌ಫಾಕ್ಸ್ 115ರಿಂದ ತಾನಾಗೇ ಆನ್ ಇರುತ್ತದೆ. 720ಪಿ ಇಟ್ಟುಕೊಳ್ಳಿ. 11.6 ಇಂಚಿನ ಪರದೆಯಲ್ಲಿ ಅದಕ್ಕಿಂತ ಹೆಚ್ಚು ಯಾತಕ್ಕೆ, ಅಲ್ವಾ?

ಪರದೆ ಅಂದಾಗ ನೆನಪಾಯಿತು. ಎಕ್ಸ್‌ಎಫ್‌ಸಿಇಯಲ್ಲಿ ಕೆಳಗಿನ ಪಟ್ಟಿಯನ್ನು (ಟಾಸ್ಕ್‌ಬಾರ್) ಎಡಗಡೆಗೆ, ನಿಲುವಾಗಿ ಇಡಬಹುದು. ಚಿಕ್ಕ ಪರದೆಯಲ್ಲಿ ಎತ್ತರವೇ ಕೊರತೆ, ಅಗಲ ಧಾರಾಳ. ಯಾವುದಾದರೂ ಕಿಟಕಿಯ "ಓಕೆ" ಬಟನ್ ಪರದೆಯ ಕೆಳಗೆ ಹೂತುಹೋದರೆ ಆಲ್ಟ್ ಕೀಲಿ ಒತ್ತಿಹಿಡಿದು ಕಿಟಕಿಯನ್ನು ಮೇಲಕ್ಕೆ ಎಳೆಯಿರಿ. 2007ರಲ್ಲಿ ಬಂದ ಅಸುಸ್ ಕಂಪನಿಯ ಪುಟಾಣಿ ಲ್ಯಾಪ್‌ಟಾಪ್ "ಈಪಿಸಿ 701" (Eee PC) ಕಾಲದಲ್ಲಿ ಇದು ಗೊತ್ತಿಲ್ಲದಿದ್ದರೆ ಬದುಕೇ ಇರಲಿಲ್ಲ. 7 ಇಂಚಿನ ಪರದೆ, 800×480 ಪಿಕ್ಸೆಲ್, 512 ಎಂಬಿ ರ‍್ಯಾಮ್, 4 ಜಿಬಿ ಸ್ಟೋರೇಜ್. ಅದರೊಳಗೆ ಬರುತ್ತಿದ್ದದ್ದು ಕೂಡ ಲಿನಕ್ಸೇ, ಕ್ಸಾಂಡ್ರಾಸ್ ಅಂತ.

ಆ ಕಾಲದ ನೆಟ್‌ಬುಕ್ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಆಟಂ ಎನ್270 ಥರದವು 32 ಬಿಟ್ ಚಿಪ್‌ಗಳು. ಮಿಂಟ್ 22 ಅವುಗಳಲ್ಲಿ ಓಡುವುದಿಲ್ಲ. ಡೆಬಿಯನ್ ಅನ್ನುವ ಡಿಸ್ಟ್ರೋ ಕೂಡ 32 ಬಿಟ್ ಇನ್‌ಸ್ಟಾಲರ್ ಕೊಟ್ಟದ್ದು 12ನೇ ಆವೃತ್ತಿಗೇ ಕೊನೆ, 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ ಅದಿಲ್ಲ. ಹಾಗೇ ಕೆಲವು ಆಟಂ ಯಂತ್ರಗಳಲ್ಲಿ ಚಿಪ್ 64 ಬಿಟ್, ಯಂತ್ರವನ್ನು ಶುರು ಮಾಡಿಸುವ ಯುಇಎಫ್ಐ ಮಾತ್ರ 32 ಬಿಟ್. ಪೆನ್‌ಡ್ರೈವ್ ಎಷ್ಟು ಸಲ ಬರೆದರೂ ಬೂಟ್ ಆಗದಿದ್ದರೆ ಅದೊಂದನ್ನು ಅನುಮಾನಿಸಿ. ನಿಮ್ಮ ಎನ್3350ಕ್ಕೆ ಈ ಎರಡು ತಲೆನೋವೂ ಇಲ್ಲ.

ಟೈಪಿಂಗ್ ಸುಲಭ. ಬರೆಯಲು ಲಿಬ್ರೆಆಫೀಸ್ ಮಿಂಟ್ ಜೊತೆಗೇ ಬರುತ್ತದೆ. ಕನ್ನಡ ಟೈಪಿಂಗ್‌ಗೆ ಐಬಸ್ ಅನ್ನುವ ತಂತ್ರಾಂಶ ಹಾಕಿ, ಇನ್‌ಸ್ಕ್ರಿಪ್ಟ್ ಆಗಲಿ ಕಗಪ ಆಗಲಿ, ಎರಡೂ ಕೀಲಿಮಣೆ ವಿನ್ಯಾಸ ಸಿಗುತ್ತದೆ.

ನಾನಾಗಿದ್ದರೆ ಈ ವಾರ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುತ್ತಿದ್ದೆ, ಮುಂದಿನ ಭಾನುವಾರ ಕಡತಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟು ಇನ್‌ಸ್ಟಾಲ್‌ಗೆ ಕೂರುತ್ತಿದ್ದೆ. ಪೆನ್‌ಡ್ರೈವ್‌ನಲ್ಲಿ ಸದ್ದು ಬರದಿದ್ದರೆ ಅಥವಾ ವೈಫೈ ಕಾಣದಿದ್ದರೆ ಲ್ಯಾಪ್‌ಟಾಪ್‌ನ ಪೂರ್ತಿ ಮಾದರಿ ಸಂಖ್ಯೆ ಬರೆಯಿರಿ, ನೋಡೋಣ.